ಮುಟ್ಟಿ ನೋಡದ ತೀರ್ಪು

ಬಲ್ಲಾಳರ ಕೋಟಿನ ಜೇಬಿನಲ್ಲಿ ಸದಾ ಒಂದು ಅಯಸ್ಕಾಂತ ಇರುತ್ತಿತ್ತು. ವಿದೇಶದಿಂದ ಬಂದ ಸರಕನ್ನು ಒಳಗೆ ಬಿಡಬೇಕೋ ಜಪ್ತಿ ಮಾಡಬೇಕೋ ಎಂಬ ತಕರಾರುಗಳ ಮೇಲ್ಮನವಿ ಕೇಳಿ ತೀರ್ಪು ಕೊಡುವ ಅಧಿಕಾರಿ ಅವರು. ಅರವತ್ತರ ದಶಕದ ಕೊನೆಯಲ್ಲಿ ನಾನು ಅವರ ಸ್ಟೆನೊ ಆಗಿ ಸೇರಿದೆ. ವಕೀಲರು ಗಂಟಲು ಹರಿದುಕೊಳ್ಳುತ್ತಿದ್ದರೆ ಇವರು ಮೇಜಿನ ಮೇಲಿದ್ದ ಮಾದರಿಯನ್ನು ಉಗುರಿನಿಂದ ಕೆರೆದು, ಮೂಸಿ, ಒಮ್ಮೊಮ್ಮೆ ನಾಲಿಗೆಗೂ ತಾಗಿಸಿ ನೋಡುತ್ತಿದ್ದರು. ಗಂಧಕದ ಕೇಸಿನ ದಿನ ಅವರ ಊಟದ ಡಬ್ಬಿ ಮುಟ್ಟದೆಯೇ ಸಯನ್‌ನ ಮನೆಗೆ ವಾಪಸು ಹೋಯಿತು.

"ಕಾಗದಕ್ಕೆ ಸುಳ್ಳು ಹೇಳ್ಲಿಕ್ಕೆ ಬರ್ತದೆ ಸುಮತಿ, ಕಬ್ಬಿಣಕ್ಕೆ ಬರುವುದಿಲ್ಲ," ಎನ್ನುತ್ತಿದ್ದರು. ತಡವಾಯಿತೆಂದು ಮೇಲಿನವರ ಪತ್ರ ಬಂದರೆ, "ಅದನ್ನೂ ಫೈಲಿಗೆ ಹಾಕು," ಅಷ್ಟೇ.

ಒಂದು ವರ್ಷ ಬಂದರಿನಲ್ಲಿ ಮುಷ್ಕರವಾಯಿತು. ಗೋದಾಮಿನಿಂದ ಮಾದರಿ ತರುವವರಿಲ್ಲ. ಬಾಕಿ ಮುಗಿಸಿ ಎಂದು ಮೇಲಿನಿಂದ ದಿನಕ್ಕೆರಡು ಫೋನು. ಆ ವಾರ ಬಲ್ಲಾಳರು ಬರೀ ಇಲಾಖೆಯ ರಿಪೋರ್ಟು ಓದಿ ತೀರ್ಪು ಹೇಳಿದರು. ಭಾಂಡುಪ್‌ನಲ್ಲಿ ವಾಷರ್ ಮಾಡುವ ಪುಟ್ಟ ಕಾರ್ಖಾನೆಯ ಬಸಪ್ಪ, ಗುಜರಿಗೆ ಪರವಾನಗಿ ಪಡೆದು ಹೊಸ ಉಕ್ಕಿನ ಪಟ್ಟಿ ತರಿಸಿದ್ದಾನೆ ಎಂದಿತ್ತು ರಿಪೋರ್ಟು. ಜಪ್ತಿ ಎಂದರು, ನಾನು ಟೈಪು ಮಾಡಿದೆ.

ಮುಷ್ಕರ ಮುಗಿದ ಮೇಲೆ ಬಸಪ್ಪನ ಸರಕಿನ ಮಾದರಿ ಬಂತು. ತುಕ್ಕು ಹಿಡಿದ ಸೊಟ್ಟ ಚೂರುಗಳು. ಗುಜರಿಯೇ ಎಂದು ಬಸಪ್ಪ ಹೇಳಿದ್ದು ನಿಜವಾಗಿತ್ತು. ತಾವು ಸಹಿ ಮಾಡಿದ ತೀರ್ಪನ್ನು ತಾವೇ ತಿದ್ದಲು ಬಲ್ಲಾಳರಿಗೆ ಅಧಿಕಾರವಿರಲಿಲ್ಲ. ಬಸಪ್ಪನೇ ದಿಲ್ಲಿಗೆ ಅರ್ಜಿ ಹಾಕಬೇಕು. ಅದನ್ನು ಹೇಳಲು ನನ್ನನ್ನೂ ಕರೆದುಕೊಂಡು ಲೋಕಲ್ ರೈಲು ಹತ್ತಿದರು.

ಶೆಡ್ಡು ಖಾಲಿಯಾಗಿತ್ತು. "ಕಬ್ಬಿಣ ಇಲ್ದ, ಕೆಲಸದ ಮಂದೀನ ಎಷ್ಟು ದಿನಾ ಕೂಡಿಸ್ಕೊಂಡಿರ್ಲಿ ಸಾಹೇಬ್ರ? ಪ್ರೆಸ್ ಮಶೀನೂ ಮಾರೀನ್ರಿ," ಎಂದ ಬಸಪ್ಪ. "ಈಗ ಮಾಲು ಬಿಟ್ರೂ ತಗೊಂಡು ಏನ್ ಮಾಡ್ಲಿ? ಕುಂದರ್ರಿ, ಚಾ ತರಿಸ್ತೀನಿ."

ಬಲ್ಲಾಳರು ಕೂರಲಿಲ್ಲ. ಆತ ನಾಲ್ಕು ಮಾತು ಬೈದಿದ್ದರೆ ವಾಸಿಯಿತ್ತು ಎಂದು ನನಗೇ ಅನ್ನಿಸಿತು.

ನಿವೃತ್ತರಾದ ಮೇಲೆ ಪಾರ್ಶ್ವವಾಯು ಬಡಿದು ಮಲಗಿದ್ದಾಗ ಸಯನ್‌ನ ಮನೆಗೆ ಅವರನ್ನು ನೋಡಲು ಹೋದೆ. ಮಾತು ತೊದಲುತ್ತಿತ್ತು. ನನ್ನ ಕೈ ಹಿಡಿದು ಕೇಳಿದರು: "ಸರಕು ನೋಡದೆ ಬರೆದದ್ದು ಬಸಪ್ಪಂದು ಒಂದೇ ಅಲ್ವಾ ಸುಮತಿ?"

ಆ ವಾರ ಹಾಗೆ ಬರೆದ ತೀರ್ಪುಗಳು ಐದು. ಭಾಂಡುಪ್‌ನಿಂದ ಬಂದ ಮೇಲೆ ಉಳಿದ ನಾಲ್ಕರ ಮಾದರಿಯನ್ನು ಅವರು ತರಿಸಲೇ ಇಲ್ಲ, ನಾನೂ ನೆನಪಿಸಲಿಲ್ಲ. ಅವೂ ತಪ್ಪಾಗಿದ್ದರೆ ಎಂದು ನನಗೂ ಹೆದರಿಕೆಯಾಗಿತ್ತು.

"ಒಂದೇ ಸರ್," ಎಂದೆ.

"ಐದು," ಎಂದರು ಬಲ್ಲಾಳರು, ಒಂದಿಷ್ಟೂ ತೊದಲದೆ.