ಎಡ ಹಿಂಗಾಲಿನ ಲಾಗ್‌ಬುಕ್

ನಮ್ಮ ನಾಯಿ ಮೊದಲ ಸಲ ಕುಂಟಿದ ದಿನ ನಾನು ಅವಳಿಗೆ ಚೆನ್ನಾಗಿ ಬೈದಿದ್ದೆ. ಬೆಳಗಿನ ವಾಕಿಂಗ್ ಮುಗಿಸಿ ಬಂದವಳು ಎಡ ಹಿಂಗಾಲನ್ನು ಪೂರ್ತಿ ಊರದೆ, ಬೆರಳ ತುದಿ ಮಾತ್ರ ನೆಲಕ್ಕೆ ತಾಗಿಸಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ನಾನು ವರ್ಷಗಟ್ಟಲೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು. ಹೊಟ್ಟೆನೋವು, ಕಾಲುನೋವು ಎಂದು ಮುಖ ಸಪ್ಪಗೆ ಮಾಡಿಕೊಂಡು ಬರುವವರನ್ನು ದಿನಾ ನೋಡಿದವಳು. "ದೋಸೆ ವಾಸನೆ ಬಂತಾ? ನಾಟಕ ಸಾಕು, ನಡಿ" ಎಂದೆ. ಅವಳು ಹೋಗಲಿಲ್ಲ. ಅಲ್ಲೇ ಕೂತಳು. ಎಂದಿನಂತೆ ಕಾಲು ಮಡಚಿ ಕೂರದೆ, ಆ ಒಂದು ಕಾಲನ್ನು ಪಕ್ಕಕ್ಕೆ ಚಾಚಿಕೊಂಡು ಕೂತಳು. ಅಷ್ಟರಲ್ಲಿ ನಮ್ಮನೆಯವರು ಹಿಂದಿನಿಂದ ಬಂದು, "ಮುಳ್ಳಿಲ್ಲ, ನೋಡಿದೆ. ಒಳಗೇ ಏನೋ ಕೆಟ್ಟಿದೆ" ಎಂದರು. ಅವರ ಮುಖ ನೋಡಿ ನಾನು ಒಲೆ ಆರಿಸಿದೆ.

ಆ ಮುಖಕ್ಕೆ ನಾನು ಯಾಕೆ ಹೆದರಿದೆ ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಾವಿರುವುದು ಭದ್ರಾವತಿಯ ಕಾಗದನಗರದಲ್ಲಿ, ಕ್ವಾರ್ಟರ್ಸಿನ ಮೊದಲ ಮಹಡಿ. ನಮ್ಮನೆಯವರು ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಯಂತ್ರಗಳು ನಿಂತ ಮೇಲೆ ಜನ ಒಬ್ಬೊಬ್ಬರಾಗಿ ಮನೆ ಖಾಲಿ ಮಾಡಿದರು, ನಾವು ಉಳಿದೆವು. ಉಳಿದೆವು ಎಂದರೆ ನಾನು ಶಾಲೆಗೆ ಹೋಗಿ ಬರುತ್ತಿದ್ದೆ, ಇವರು ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ತಿಂಗಳುಗಟ್ಟಲೆ ಹಾಗೇ ಮಲಗಿದರು. ಕುಡಿದಿದ್ದರೆ ಬೈಯಬಹುದಿತ್ತು, ಜಗಳ ಆಡಿದ್ದರೆ ನಾನೂ ಆಡುತ್ತಿದ್ದೆ. ಸುಮ್ಮನೆ ಮಲಗಿದವರಿಗೆ ಏನು ಮಾಡುವುದು? ಊಟ ಮಾಡಿ ಎಂದರೆ ಮಾಡುತ್ತಿದ್ದರು, ಸ್ನಾನ ಮಾಡಿ ಎಂದರೆ ಮಾಡುತ್ತಿದ್ದರು, ಮತ್ತೆ ಹೋಗಿ ಮಲಗುತ್ತಿದ್ದರು.

ಅವರನ್ನು ಎಬ್ಬಿಸಿದ್ದು ನಾನಲ್ಲ, ಈ ನಾಯಿ. ಎದುರು ಬ್ಲಾಕಿನವರು ಹೋಗುವಾಗ ಇವಳನ್ನು ಬಿಟ್ಟು ಹೋಗಿದ್ದರು. ಬೀಗ ಹಾಕಿದ ಬಾಗಿಲ ಮುಂದೆ ಇವಳು ಹತ್ತು ದಿನ ಕೂತಿದ್ದಳು. ಹನ್ನೊಂದನೇ ದಿನ ನಮ್ಮನೆಯವರು ಕಿಟಕಿಯಿಂದ ನೋಡಿದವರು ತಾವಾಗಿ ಎದ್ದು, ಅನ್ನ ಮೊಸರು ಕಲಸಿ, ಕೆಳಗಿಳಿದು ಹೋದರು. ಆಮೇಲೆ ದಿನವೂ ಐದೂ ಮುಕ್ಕಾಲಿಗೆ, ಹಿಂದೆ ಫಸ್ಟ್ ಶಿಫ್ಟಿಗೆ ಏಳುತ್ತಿದ್ದ ಹೊತ್ತಿಗೆ, ಅವಳು ಅವರ ಹೊದಿಕೆ ಎಳೆಯುತ್ತಿದ್ದಳು. ಇಬ್ಬರೂ ಕಾರ್ಖಾನೆಯ ಗೇಟಿನ ತನಕ ನಡೆದು ಬರುತ್ತಿದ್ದರು. ಬಂದು ಕಾಫಿ ಕುಡಿಯುತ್ತಾ, ಗೇಟಿನ ಹತ್ತಿರ ಹುಲ್ಲು ಎಷ್ಟು ಬೆಳೆದಿದೆ, ಯಾರ ಮನೆ ಹೆಂಚು ಬಿದ್ದಿದೆ ಎಂದು ಹೇಳುತ್ತಿದ್ದರು. ಕೆಲಸಕ್ಕೆ ಬಾರದ ಸುದ್ದಿಗಳು. ನನಗೆ ಅವುಗಳನ್ನು ಕೇಳುವುದು ಎಷ್ಟು ಖುಷಿಯಾಗಿತ್ತೆಂದರೆ ಹಾಲು ಉಕ್ಕಿದ್ದೂ ಗೊತ್ತಾಗುತ್ತಿರಲಿಲ್ಲ. ನಾಯಿ ನಡೆದರೆ ಇವರು ನಡೆಯುತ್ತಾರೆ ಎಂದು ನನಗೆ ಆಗಲೇ ಖಚಿತವಾಗಿತ್ತು.

ಹಾಗಾಗಿ ಅವಳು ಕುಂಟಿದಾಗ ನಾನು ಅವಸರಕ್ಕೆ ಬಿದ್ದೆ. ಮೊದಲ ದಡ್ಡತನ ನನ್ನದೇ. ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಪಾದದಿಂದ ಸವರಿದರೆ ಉಳುಕು ಹೋಗುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಕಾರ್ಖಾನೆ ಇದ್ದ ಕಾಲದಲ್ಲಿ ಸೊಂಟ ಹಿಡಿದವರೆಲ್ಲ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ನಮ್ಮ ಮನೆಗೆ ಬಂದು ಬೋರಲು ಮಲಗುತ್ತಿದ್ದರು. ನಾನು ಸೀರೆ ಎತ್ತಿ ಹಿಡಿದುಕೊಂಡು, ನಗು ತಡೆದುಕೊಂಡು, ಕಾಲಿನಿಂದ ಸವರಿ ಕಳಿಸುತ್ತಿದ್ದೆ. ನನಗೆ ಇದರಲ್ಲಿ ಕಾಸಿನಷ್ಟೂ ನಂಬಿಕೆ ಇರಲಿಲ್ಲ. ಆದರೂ ನಾಯಿಯ ಮೊಣಕಾಲನ್ನು ಮೂರು ಬೆಳಿಗ್ಗೆ ಪಾದದಿಂದ ಸವರಿದೆ. ಅವಳು ತಿರುಗಿ ನನ್ನ ಹೆಬ್ಬೆರಳು ನೆಕ್ಕಿದಳು. ಆಮೇಲೆ ಅರಿಸಿನ ಸುಣ್ಣ ಹಚ್ಚಿದೆ. ಎರಡು ದಿನ ಸರಿ ಹೋದಂತೆ ಕಂಡು ಮತ್ತೆ ಕುಂಟಿದಳು. ಹೀಗೆ ಮೂರು ವಾರ ಹಾಳಾಯಿತು.

ಕೊನೆಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಬಸ್ಸಿಗೆ ನಾಯಿ ಹತ್ತಿಸುವುದಿಲ್ಲ. ನಮ್ಮ ಬ್ಲಾಕಿನ ಕೆಳಗಿನ ಮನೆಯವರು ಆಟೋ ಓಡಿಸುತ್ತಾರೆ, ಅವರೇ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ, "ಅಕ್ಕಾ, ತ್ಯಾವರೆಕೊಪ್ಪ ಸಫಾರಿಯ ಹುಲಿಗೂ ಇಷ್ಟು ಮರ್ಯಾದೆ ಇಲ್ಲ" ಎಂದು ತಮಾಷೆ ಮಾಡಿದರು.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾಯಿಗೆ ಮಂಪರು ಕೊಟ್ಟು, ಒಂದು ಕೈಯಲ್ಲಿ ತೊಡೆ, ಇನ್ನೊಂದರಲ್ಲಿ ಮೊಣಕಾಲ ಕೆಳಗೆ ಹಿಡಿದು ಮುಂದಕ್ಕೆ ತಳ್ಳಿದರು. ಕೆಳಗಿನ ಮೂಳೆ ಮೇಜಿನ ಡ್ರಾಯರಿನ ಹಾಗೆ ಮುಂದೆ ಜಾರಿತು. ನಾನು ಮುಖ ತಿರುಗಿಸಿದೆ. ನಮ್ಮನೆಯವರು ಬಗ್ಗಿ ನೋಡಿ, "ಪ್ಲೇ ಬಂದಿದೆ, ಕೀಲು ಸಡಿಲಾಗಿದೆ" ಎಂದರು. ಡಾಕ್ಟರು ನಕ್ಕು, "ಹೌದು ಸರ್, ಎರಡು ಮೂಳೆನೂ ಹಿಡಿದಿಡೋ ಲಿಗಮೆಂಟ್ ಹರಿದಿದೆ" ಎಂದರು. ಆಪರೇಷನ್ ಮಾಡಿ, ಕೀಲಿನ ಹೊರಗಡೆಯಿಂದ ದಪ್ಪ ನೈಲಾನ್ ದಾರ ಬಿಗಿಯುತ್ತಾರಂತೆ. ಆ ದಾರವೇ ಮದ್ದಲ್ಲ. ಅದು ತಾತ್ಕಾಲಿಕವಾಗಿ ಹಿಡಿದುಕೊಂಡಿರುವಾಗ ಸುತ್ತಲೂ ಗಟ್ಟಿ ಮಾಂಸ ಬೆಳೆದು ಕೀಲನ್ನು ಬಿಗಿ ಮಾಡಬೇಕಂತೆ. ಅದಕ್ಕೆ ಹನ್ನೆರಡು ವಾರ ಬೇಕು. ಅಲ್ಲಿಯ ತನಕ ಓಟ ಇಲ್ಲ, ನೆಗೆತ ಇಲ್ಲ, ಮೆಟ್ಟಿಲು ಇಲ್ಲ, ಜಾರುವ ನೆಲ ಇಲ್ಲ. ಚೈನ್ ಹಾಕಿ ಐದು ನಿಮಿಷದ ನಡಿಗೆಯಿಂದ ಶುರು ಮಾಡಿ, ವಾರವಾರ ಸ್ವಲ್ಪ ಹೆಚ್ಚಿಸಬೇಕು. "ತೂಕ ಇಳಿಸಿ ಅಮ್ಮಾ, ಅನ್ನ ಕಮ್ಮಿ ಮಾಡಿ. ಇನ್ನೊಂದು ಕಾಲಿನ ಮೇಲೂ ಭಾರ ಬೀಳ್ತಿದೆ, ಅದನ್ನ ಕಾಪಾಡ್ಕೋಬೇಕು" ಎಂದು ನನ್ನನ್ನೇ ನೋಡಿ ಹೇಳಿದರು. ದಿನಾ ಎರಡು ಹೊತ್ತು ಅನ್ನ ಸುರಿದವಳು ನಾನೇ. ಕೋಪ ಬಂತು.

ಆಪರೇಷನ್ ಆಯಿತು. ಆಮೇಲಿನ ವಾರಗಳಲ್ಲಿ ನಮ್ಮನೆಯವರು ಮತ್ತೆ ಡ್ಯೂಟಿಗೆ ಸೇರಿದವರಂತೆ ಆದರು. ಕಾಗದದ ಯಂತ್ರದಲ್ಲಿ ಒದ್ದೆ ಹಾಳೆಯನ್ನು ಹೊತ್ತು ಸಾಗುವ ದಪ್ಪ ಬಟ್ಟೆಗೆ ಫೆಲ್ಟ್ ಎನ್ನುತ್ತಾರೆ. ಸವೆದ ಫೆಲ್ಟಿನ ತುಂಡು ಕಾಗದನಗರದ ಮನೆಮನೆಯಲ್ಲೂ ಚಾಪೆಯಾಗಿ, ಹೊದಿಕೆಯಾಗಿ ಇರುತ್ತದೆ. ಇವರು ಅಟ್ಟದಿಂದ ಅದನ್ನು ಇಳಿಸಿ ನಮ್ಮ ನುಣ್ಣನೆಯ ಕೆಂಪು ನೆಲದ ತುಂಬ ಹಾಸಿದರು. ಇನ್ನೊಂದು ತುಂಡು ಕತ್ತರಿಸಿ, ಎರಡೂ ತುದಿಗೆ ಹಿಡಿ ಹೊಲಿಸಿ, ನಾಯಿಯ ಹೊಟ್ಟೆಯ ಕೆಳಗೆ ಹಾಕಿ ಎತ್ತಲು ಜೋಲಿ ಮಾಡಿದರು. ಮೆಟ್ಟಿಲಲ್ಲಿ ಮಾತ್ರ ಅವಳನ್ನು ಪೂರ್ತಿ ಎತ್ತಿಕೊಂಡೇ ಇಳಿಯುತ್ತಿದ್ದರು. ಮೊದಲ ದಿನಗಳಲ್ಲಿ ಐಸ್, ಆಮೇಲೆ ಬಿಸಿನೀರಿನ ಶಾಖ, ದಿನಕ್ಕೆ ಮೂರು ಸಲ ಕಾಲು ಮಡಚಿ ಬಿಡಿಸುವುದು, ಎಲ್ಲ ಅವರೇ.

ಜೊತೆಗೆ ಒಂದು ಲಾಗ್‌ಬುಕ್ ಇಟ್ಟರು. ಕಾರ್ಖಾನೆಯಲ್ಲಿ ಇದ್ದಂಥದ್ದೇ. ದಿನಾಂಕ, ಕೆಲಸ, ನಿಮಿಷ, ಆದೇಶ ಕೊಟ್ಟವರು, ಷರಾ ಎಂದು ಗೆರೆ ಎಳೆದು ಕಲಂ ಮಾಡಿದ್ದರು. "ಆದೇಶ ಯಾಕ್ರೀ ನಾಯಿಗೆ?" ಎಂದು ನಾನು ನಕ್ಕೆ. ಅವರು ನಗಲಿಲ್ಲ. ರಿಪೇರಿಯಾದ ಯಂತ್ರವನ್ನು ಪೂರ್ತಿ ವೇಗದಲ್ಲಿ ಓಡಿಸಿ ಟ್ರಯಲ್ ನೋಡದೆ ಒಪ್ಪಿಸುವ ಹಾಗಿಲ್ಲ, ಆದರೆ ಫಿಟ್ಟರ್ ತಾನಾಗಿ ಟ್ರಯಲ್ ತೆಗೆಯುವ ಹಾಗೂ ಇಲ್ಲ, ಯಾರು ಹೇಳಿದರು ಎಂದು ಬರೆಯಲೇಬೇಕು, ಹೆಚ್ಚುಕಡಿಮೆಯಾದರೆ ಹೇಳಿದವರೇ ಹೊಣೆ ಎಂದು ವಿವರಿಸಿದರು. ಆ ಕಲಮ್ಮಿನಲ್ಲಿ ದಿನವೂ "ಡಾಕ್ಟರ್, ಡಾಕ್ಟರ್" ಎಂದೇ ಬರೆಯುತ್ತಿದ್ದರು.

ಅವಳ ಕಾಲೇನೋ ಚೆನ್ನಾಗಿ ಕೂಡಿಕೊಂಡಿತು. ಒಂಬತ್ತನೇ ವಾರಕ್ಕೆ ಕುಂಟೇ ಇರಲಿಲ್ಲ. ಕೆಟ್ಟದ್ದು ನಮ್ಮನೆಯವರು. ಗೇಟಿನ ತನಕ ಹೋಗುವ ಹಾಗಿಲ್ಲವಲ್ಲ, ಅವರೂ ಹೋಗುವುದು ಬಿಟ್ಟರು. ಅಂಗಳದಲ್ಲಿ ಲೆಕ್ಕದ ನಿಮಿಷ ನಡೆಸಿ, ಮೇಲೆ ತಂದು, ಅವಳ ಪಕ್ಕದಲ್ಲೇ ಫೆಲ್ಟಿನ ಮೇಲೆ ಮಲಗುತ್ತಿದ್ದರು. ಗೇಟಿನ ಸುದ್ದಿ ಇಲ್ಲ, ಹುಲ್ಲಿನ ಸುದ್ದಿ ಇಲ್ಲ. ಒಂದು ಭಾನುವಾರ ಬೆಳಿಗ್ಗೆ ನೋಡುತ್ತೇನೆ, ಮುಖ ಮತ್ತೆ ಗೋಡೆ ಕಡೆಗಿದೆ. 

ಹೆದರಿದಾಗ ನನ್ನ ನಾಲಿಗೆ ಹರಿತವಾಗುತ್ತದೆ, ಹುಟ್ಟುಗುಣ. "ಎಷ್ಟು ದಿನ ರೀ ಈ ಶಟ್‌ಡೌನ್? ರಿಪೇರಿ ಆದ್ಮೇಲೆ ಟ್ರಯಲ್ ತೊಗೊಳ್ಳೋದು ನಿಮ್ಮ ಪದ್ಧತಿ ಅಲ್ವಾ?" ಎಂದೆ.

"ಡಾಕ್ಟರು ಹನ್ನೆರಡು ವಾರ ಅಂದಿದ್ದಾರೆ ಮಾರಾಯ್ತಿ."

"ಡಾಕ್ಟರು ಶಿವಮೊಗ್ಗದಲ್ಲಿದ್ದಾರೆ. ಇಲ್ಲಿ ನಾನಿದ್ದೀನಿ. ನಾನು ಹೇಳ್ತಿದ್ದೀನಿ, ಟ್ರಯಲ್ ತೊಗೊಳ್ಳಿ. ಗೇಟಿನ ತನಕ ಹೋಗೋಣ, ನಾನೂ ಬರ್ತೀನಿ."

 ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಅವತ್ತು ನಾನು ಎಷ್ಟು ಸಂತೋಷವಾಗಿದ್ದೆ ಎನ್ನುವುದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಮೂವರೂ ನಡೆದು ಹೋದೆವು. ಗೇಟು ಕಂಡ ಕೂಡಲೇ ನಾಯಿ ಬಾಲ ಅಲ್ಲಾಡಿಸಿ ಮುಂದಕ್ಕೆ ಎಳೆದಳು. ಇವರು ನನ್ನ ಕಡೆ ತಿರುಗಿದರು, ನಾನು ಹೂಂ ಎಂದು ತಲೆಯಾಡಿಸಿದೆ. ಟ್ರಯಲ್ ಎಂದ ಮೇಲೆ ಪೂರ್ತಿ ವೇಗ. ಚೈನ್ ಬಿಚ್ಚಿದರು. ಅವಳು ಬಿಟ್ಟ ಬಾಣದ ಹಾಗೆ ಓಡಿದಳು. ಹುಲ್ಲಿನಿಂದ ಒಂದು ಮುಂಗುಸಿ ಎದ್ದು ಓಡಿತು, ಅದರ ಹಿಂದೆ ಗಕ್ಕನೆ ತಿರುಗಿದಳು. ಒಂದೇ ಒಂದು ಸಲ ಕುಂಯ್ ಎಂದಳು. ನಾವು ಓಡಿ ಹೋಗಿ ನೋಡಿದರೆ ಬಲ ಹಿಂಗಾಲನ್ನು ಮೇಲೆತ್ತಿಕೊಂಡು ನಿಂತಿದ್ದಳು. ಎಡಗಾಲು, ರಿಪೇರಿ ಮಾಡಿದ ಕಾಲು, ಗಟ್ಟಿಯಾಗಿ ನೆಲಕ್ಕೆ ಊರಿತ್ತು. ಇಷ್ಟು ದಿನ ಎರಡು ಕಾಲಿನ ಭಾರ ಹೊತ್ತಿದ್ದ ಒಳ್ಳೆಯ ಕಾಲೇ ಹೋಗಿತ್ತು.

ಡಾಕ್ಟರು ಮತ್ತೆ ಅದೇ ರೀತಿ ಮೂಳೆ ತಳ್ಳಿ ನೋಡಿದರು. "ಚೈನ್ ಬಿಚ್ಚಿದ್ದು ಯಾರು?" ಎಂದು ಕೇಳಿದರು. "ನಾನೇ" ಎಂದರು ನಮ್ಮನೆಯವರು. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಕ್ಲಾಸಿನಲ್ಲಿ ಮಕ್ಕಳು ಹೀಗೆ ಒಬ್ಬರ ಹಿಂದೆ ಒಬ್ಬರು ಅಡಗಿ ನಿಂತಾಗ ನಾನು ಕಿವಿ ಹಿಂಡುತ್ತಿದ್ದೆ. ಅವರ ಮುಖ ನೋಡಿ ಡಾಕ್ಟರಿಗೇ ಕನಿಕರವಾಗಿರಬೇಕು. "ಬಿಡದೆ ಇದ್ದಿದ್ರೂ ಹೋಗ್ತಿತ್ತೇನೋ ಸರ್. ಒಂದು ಕಾಲು ಹೋದ ನಾಯಿಗೆ ಇನ್ನೊಂದೂ ಹೋಗೋದನ್ನ ನಾವು ನೋಡ್ತಾನೇ ಇರ್ತೀವಿ" ಎಂದರು. ರಕ್ತ ಪರೀಕ್ಷೆಯಲ್ಲಿ ಮೂತ್ರಪಿಂಡ ಸೋತಿದೆ ಎಂದು ಬಂತು. ಇನ್ನೊಂದು ಸಲ ಅರಿವಳಿಕೆ ಕೊಟ್ಟರೆ ಏಳುವ ನಂಬಿಕೆ ಇಲ್ಲ, ಹಾಗೇ ನೋಡಿಕೊಳ್ಳಿ ಎಂದರು.

ಹಾಗೇ ನೋಡಿಕೊಂಡೆವು. ಬರಬರುತ್ತಾ ಒಂಟಿ ಹಿಂಗಾಲಿಗೂ ಶಕ್ತಿ ಸಾಲದಾಯಿತು. ಇವರು ಫೆಲ್ಟಿನ ಜೋಲಿಯಲ್ಲಿ ಹಿಂಭಾಗ ಎತ್ತಿ ಹಿಡಿಯುತ್ತಿದ್ದರು, ಅವಳು ಮುಂಗಾಲಲ್ಲಿ ನಡೆಯುತ್ತಿದ್ದಳು. ಮೊದಲು ರಸ್ತೆಯ ತಿರುವಿನ ತನಕ, ಆಮೇಲೆ ಅಂಗಳದ ತನಕ, ಕೊನೆಗೆ ಬಾಗಿಲ ತನಕ. ಸೊಂಟದ ಮೂಳೆ ಎದ್ದಲ್ಲಿ ಹುಣ್ಣಾಯಿತು. ನಾನು ತೊಳೆದು ಮುಲಾಮು ಹಚ್ಚುವಾಗ ಆಗಲೂ ಅವಳು ನನ್ನ ಕೈ ನೆಕ್ಕುತ್ತಿದ್ದಳು. ಮೂತಿ ಆಚೆ ತಳ್ಳುತ್ತಿದ್ದೆ, ನನಗೆ ಸಹಿಸಲು ಆಗುತ್ತಿರಲಿಲ್ಲ. ಒಂದು ದಿನ ಊಟದ ತಟ್ಟೆಗೆ ಮೂತಿಯನ್ನೇ ಹಾಕಲಿಲ್ಲ. ಮತ್ತೆ ಆಟೋ, ಮತ್ತೆ ಶಿವಮೊಗ್ಗದ ರಸ್ತೆ. ಆಟೋದವರು ಆ ದಿನ ಒಂದೂ ತಮಾಷೆ ಮಾಡಲಿಲ್ಲ. ಡಾಕ್ಟರು ಇಂಜೆಕ್ಷನ್ ಕೊಡುವಾಗ ನಮ್ಮನೆಯವರು ಅವಳ ಎಡ ಮೊಣಕಾಲನ್ನು ಅಂಗೈಯಲ್ಲಿ ಹಿಡಿದುಕೊಂಡೇ ಇದ್ದರು. ಫೆಲ್ಟಿನಲ್ಲೇ ಸುತ್ತಿ ತಂದು ಬ್ಲಾಕಿನ ಹಿಂದೆ ಮಣ್ಣು ಮಾಡಿದೆವು.

ಅದಾದ ಮೇಲೆ ಇವರು ಮಲಗಿದವರು ಏಳಲಿಲ್ಲ. ಊಟ ಮಾಡಿ ಎಂದರೆ ಮಾಡುತ್ತಾರೆ, ಸ್ನಾನ ಮಾಡಿ ಎಂದರೆ ಮಾಡುತ್ತಾರೆ.

ಕಳೆದ ವಾರ ಕಪಾಟು ಒರೆಸುವಾಗ ಲಾಗ್‌ಬುಕ್ ಸಿಕ್ಕಿತು. ಆ ಭಾನುವಾರದ ಪುಟ ತೆಗೆದೆ. ಅವರ ದುಂಡು ಅಕ್ಷರ. ಕೆಲಸ: ಪೂರ್ತಿ ವೇಗದ ಟ್ರಯಲ್. ಷರಾ: ಎಡಗಾಲು ಸರಿ ಇದೆ, ಬಲಗಾಲು ಹೋಯಿತು. ಆದೇಶ ಕೊಟ್ಟವರು ಎನ್ನುವ ಕಡೆ ನನ್ನ ಹೆಸರು ಇರುತ್ತದೆ ಎಂದುಕೊಂಡಿದ್ದೆ. ಇರಲಿ ಎಂದು ಬಯಸಿಯೂ ಇದ್ದೆ, ತಪ್ಪು ನಿನ್ನದೇ ಎಂದು ಒಬ್ಬರಾದರೂ ನನಗೆ ಹೇಳಿದಂತಾಗುತ್ತಿತ್ತು. ಅಲ್ಲಿ ಬರೆದಿತ್ತು: ಯಾರೂ ಇಲ್ಲ, ಫಿಟ್ಟರ್ ಸ್ವಂತ ನಿರ್ಧಾರ.

ನಾನು ಕೂತಲ್ಲೇ ಅತ್ತೆ. ಆಮೇಲೆ ನನ್ನ ಬ್ಯಾಗಿನಿಂದ ಕೆಂಪು ಪೆನ್ನು ತೆಗೆದೆ. ತಪ್ಪು ಕಂಡರೆ ತಿದ್ದುವುದೇ ನನ್ನ ಕಸುಬು. ಅವರು ಬರೆದದ್ದನ್ನು ಅಡ್ಡ ಗೆರೆ ಎಳೆದು ಹೊಡೆದು ಹಾಕಿ, ಮೇಲೆ "ಹೆಂಡತಿ" ಎಂದು ಬರೆದೆ. ಪುಸ್ತಕ ತೆಗೆದುಕೊಂಡು ಹೋಗಿ ಅವರ ಮುಖದ ಮುಂದೆ ಹಿಡಿದೆ. "ನಾನೇ ಅಲ್ವೇನ್ರೀ ಹೇಳಿದ್ದು? ಒಂದ್ಸಲ ಬೈದುಬಿಡಿ" ಎಂದೆ.

ಅವರು ಓದಿದರು.  "ಲಾಗ್‌ಬುಕ್ ತಿದ್ದಬಾರದು ಮಾರಾಯ್ತಿ" ಎಂದರು. ಮತ್ತೆ ಗೋಡೆಯ ಕಡೆ ತಿರುಗಿದರು.

ಚೈನ್ ಇನ್ನೂ ಬಾಗಿಲ ಹಿಂದಿನ ಮೊಳೆಯಲ್ಲೇ ಇದೆ. ನಾಳೆ ಐದೂ ಮುಕ್ಕಾಲಿಗೆ ಹೊದಿಕೆ ಎಳೆದು ಅವರನ್ನು ಎಬ್ಬಿಸುತ್ತೇನೆ. ನಿನ್ನೆಯೂ ಎಳೆದಿದ್ದೆ.