ಹತ್ತು ದ್ವೀಪಗಳ ಪರ್ಮಿಟ್

ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ ಸಾಗಿಸುವ ಮಂಜಿ ಎಂಬ ಹಾಯಿಹಡಗಿನಲ್ಲಿ ಎರಡು ತಿಂಗಳು ಸುತ್ತೋಣವೆಂದು ಹೊರಟ ನಾನೂ ಹೆಂಡತಿ ಸುಮತಿಯೂ ಮೂರು ದಿನದಿಂದ ದಿಲ್ಲಿಯ ಒಂದು ಸರ್ಕಾರಿ ಮೇಜಿನ ಮುಂದೆ ಲಂಗರು ಹಾಕಿದ್ದೇವೆ.

ನಮಗೆ ಬೇಕಾದದ್ದು ನಾಲ್ಕೇ ದ್ವೀಪ. ಆದರೆ ಹತ್ತು ಕೇಳಿದರೆ ಅರ್ಧವಾದರೂ ಸಿಕ್ಕೀತೆಂಬುದು ಇಲ್ಲೇ ದಿಲ್ಲಿಯ ಕರೋಲ್ ಬಾಗಿನಲ್ಲಿ ಹೋಟೆಲು ನಡೆಸಿ ಕಲಿತ ಬುದ್ಧಿ. ಅರ್ಜಿಯಲ್ಲಿ ಹತ್ತು ಬರೆದೆ. ಮೇಜಿನಾಚೆಯ ಸಾಹೇಬರು ಇಂದು ಹತ್ತಕ್ಕೂ ಮುದ್ರೆ ಒತ್ತಿ, "ಹತ್ತೂ ಕಡೆ ಇಳಿದು ಹಾಜರಿ ಹಾಕಿಸಬೇಕು. ಒಂದು ಬಿಟ್ಟರೂ ಪರ್ಮಿಟ್ ರದ್ದು" ಎಂದರು.

"ಆರು ಕಡಿಮೆ ಮಾಡಿ, ಸಾಹೇಬರೇ."

"ಅಚ್ಛಾ, ಹಾಗಾದರೆ ಹೊಸ ಅರ್ಜಿ. ಮೂರು ವಾರ."

ಮಂಜಿ ಹೊರಡಲು ಉಳಿದಿರುವುದು ಹತ್ತೇ ದಿನ. ತರಕಾರಿಯವನ ಹತ್ತಿರ ಮಾಡುವ ಚೌಕಾಸಿಯನ್ನು ಸರ್ಕಾರದ ಹತ್ತಿರ ಮಾಡಬೇಡಿ, ಮಹರಾಯರೇ. ಕೇಳಿದ್ದನ್ನು ಪೂರ್ತಿ ಕೊಟ್ಟುಬಿಡುತ್ತಾರೆ!

ನೇತ್ರಾವತಿ ಹೊಳೆಯ ಕಡವನ್ನು ದೋಣಿಯಲ್ಲಿ ದಾಟುವಾಗಲೇ ವಾಂತಿ ಮಾಡುವವಳು ಸುಮತಿ. "ನಾಲ್ಕಕ್ಕೆ ಒಪ್ಪಿ ಬಂದವಳು ನಾನು, ಗೊತ್ತಾಯ್ತಾ ನಿಮಗೆ?" ಎಂದು ನನ್ನನ್ನು ದುರುಗುಟ್ಟಿ ನೋಡಿ, ಸಾಹೇಬರತ್ತ ತಿರುಗಿದಳು. "ಭಾಯಿಸಾಹೇಬ್, ಇವರೊಬ್ಬರೇ ಹೋದರೆ?"

ಸಾಹೇಬರು ಮೂರು ದಿನದಲ್ಲಿ ಮೊದಲ ಸಲ ನಕ್ಕರು. "ಅದಕ್ಕೆ ಹೊಸ ಅರ್ಜಿ ಬೇಡ, ಬೆಹೆನ್‌ಜಿ."

ಆರು ದ್ವೀಪ ಕಡಿಮೆ ಮಾಡಲಾಗದ ಆ ಸಾಹೇಬರು ನನ್ನದೇ ಪೆನ್ನು ಇಸಿದುಕೊಂಡು, ಅವಳ ಹೆಸರನ್ನು ಒಂದೇ ಗೀಟಿನಲ್ಲಿ ಹೊಡೆದುಹಾಕಿದರು.