ಬನ್ನಿ ಕೊಟ್ಟ ಮೇಲೆ

ನಾಲ್ಕನೆಯ ತರಗತಿಯಲ್ಲಿ ನನ್ನ ಮಗಳೇ ಎಲ್ಲರಿಗಿಂತ ದೊಡ್ಡವಳು. ಹುಟ್ಟುವಾಗಲೇ ಅವಳ ಹೃದಯದಲ್ಲಿ ರಂಧ್ರವಿತ್ತು. ಹುಬ್ಬಳ್ಳಿಯ ದವಾಖಾನೆಗೆ ಅಲೆದು, ಆಪರೇಷನ್ ಆಗಿ, ಚೇತರಿಸಿಕೊಳ್ಳುವಷ್ಟರಲ್ಲಿ ಶಾಲೆಯ ಎರಡು ವರ್ಷ ತಪ್ಪಿಹೋದವು. ಚೆನ್ನಾಗಿ ಉಣ್ಣಿಸಿ ಎಂದಿದ್ದರು ಡಾಕ್ಟರು. ಅವಳೋ ಬಾಯಿ ಬಿಡುತ್ತಿರಲಿಲ್ಲ. "ಉಣ್ಣು ನನ್ನವ್ವಾ, ಉಂಡ್ರ ಎತ್ರ ಆಗ್ತಿ" ಎಂದು ರಮಿಸಿ ರಮಿಸಿ ಒಂದೊಂದು ತುತ್ತು ಇಳಿಸುತ್ತಿದ್ದೆ.

ಆಮೇಲೆ ಹುಡುಗಿ ಸರಸರ ಬೆಳೆದಳು. ನವನಗರದ ನಮ್ಮ ಮನೆಯಲ್ಲೇ ನಾನು ಹೊಲಿಗೆ ಮಾಡುತ್ತೇನೆ. ಇಳಕಲ್ ಸೀರೆಗಳಿಗೆ ಫಾಲ್ ಹಚ್ಚುವ ಕೆಲಸ ಬದಿಗಿಟ್ಟು ಅವಳ ಯೂನಿಫಾರ್ಮಿನ ಅಂಚು ಬಿಚ್ಚಿ ಉದ್ದ ಮಾಡುವಾಗ ಆಗುತ್ತಿದ್ದ ಖುಷಿ ನನಗೆ ಯಾವ ಹಬ್ಬದಲ್ಲೂ ಆಗಿಲ್ಲ.

ಆ ಎತ್ತರವೇ ಅವಳಿಗೆ ಮುಳುವಾಯಿತು. ತರಗತಿಯ ಮಕ್ಕಳು ಅವಳಿಗೆ 'ಆಯಿ' ಎಂದು ಹೆಸರಿಟ್ಟರು. ನಮ್ಮ ಕಡೆ ಅಜ್ಜಿಯನ್ನು ಹಾಗೆ ಕರೆಯುತ್ತೇವೆ. "ಆಯಿ, ನಿನ್ನ ಬಡಿಗಿ ಎಲ್ಲೈತಿ?" "ಆಯಿ, ಹಲ್ಲು ಅದಾವೋ ಬಿದ್ದಾವೋ?" ಗೋಡೆಯ ಕಡೆ ಮುಖ ಮಾಡಿ ಮಲಗಿಕೊಂಡೇ ಇದನ್ನೆಲ್ಲ ಅವಳು ನನಗೆ ಹೇಳಿದಳು.

ಮಾತಿನಲ್ಲಿ ನಾನು ಯಾರಿಗೂ ಸೋಲುವವಳಲ್ಲ. ಮರುದಿನವೇ ಶಾಲೆಗೆ ಹೋಗಿ ಅವಳ ಅಕ್ಕೋರ ಮುಂದೆ ಕೂಗಾಡಿದೆ. ಪಾಪ, ಒಳ್ಳೆಯ ಟೀಚರು ಆಕೆ. ಬೈಸಿಕೊಂಡೂ ನನಗೆ ಕುರ್ಚಿ ಎಳೆದು ಕೊಟ್ಟರು. "ಬೈದ್ರ ನನ್ನ ಮುಂದ ಬಿಡ್ತಾರ, ಹಿಂದ ಮತ್ತ ಶುರು ಮಾಡ್ತಾರ್ರಿ. ಗೌರವ ಕೊಡೂದು ಕಲಿಸ್ಬೇಕು. ದಸರಾ ರಜಾ ಮುಗೀಲಿ, ನೋಡ್ರಿ ನೀವು" ಎಂದರು.

ನಮ್ಮಲ್ಲಿ ದಸರೆಯಲ್ಲಿ ಬನ್ನಿ ಎಲೆ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅನ್ನುತ್ತೇವೆ. ಜಗಳವಾಡಿದವರೂ ಅವತ್ತು ಕೊಟ್ಟು ತೆಗೆದುಕೊಳ್ಳುತ್ತಾರೆ. ಚಿಕ್ಕವರು ದೊಡ್ಡವರ ಕಾಲು ಮುಟ್ಟಬೇಕು. ಹಬ್ಬ ಮುಗಿದ ಮೇಲೂ ಸಿಕ್ಕವರಿಗೆ ಕೊಡುವುದು ರೂಢಿ. ಶಾಲೆ ತೆರೆದ ದಿನ ಅಕ್ಕೋರು ಒಂದು ಚೀಲ ಬನ್ನಿ ತಂದರು. ನನ್ನನ್ನೂ ಕರೆಸಿದರು. "ಆಕಿ ನಿಮಗೆಲ್ಲ ಅಕ್ಕ ಇದ್ದಂಗ. ಮನ್ಯಾಗ ದೊಡ್ಡವರಿಗೆ ಹೆಂಗ ಮಾಡ್ತೀರಿ, ಹಂಗ ಬನ್ನಿ ಕೊಟ್ಟು ನಮಸ್ಕಾರ ಮಾಡ್ರಿ" ಎಂದರು.

ಮಕ್ಕಳು ಸಾಲಾಗಿ ಬಂದು ಅವಳ ಕಾಲು ಮುಟ್ಟಿದರು. ಬಾಗಿಲಲ್ಲಿ ನಿಂತ ನನಗೆ ಕಣ್ಣು ತುಂಬಿ ಬಂತು. ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡೆ. ಫೋಟೊದಲ್ಲಿ ಎಲ್ಲರೂ ನಗುತ್ತಿದ್ದಾರೆ. ಅವಳೊಬ್ಬಳು ಎರಡೂ ಕೈ ತುಂಬ ಬನ್ನಿ ಹಿಡಿದು ನೆಲ ನೋಡುತ್ತಿದ್ದಾಳೆ. ನಾಚಿಕೆ ಇರಬೇಕು ಅಂದುಕೊಂಡೆ.

ಮನೆಗೆ ಬಂದ ಮೇಲೆ ಹೇಳಿದಳು. ಕಾಲು ಮುಟ್ಟಿದ ಒಬ್ಬೊಬ್ಬರೂ ಮೆಲ್ಲಗೆ "ಆಶೀರ್ವಾದ ಮಾಡ್ರಿ ಆಯಿ" ಅಂದಿದ್ದರಂತೆ.

ಅಲ್ಲಿಗೂ ಮುಗಿಯಲಿಲ್ಲ. ಈಗ ದಿನಾ ಮುಂಜಾನೆ ಗೇಟಿನಲ್ಲೇ ಕಾಲಿಗೆ ಬೀಳುತ್ತಾರೆ. ಬಿಸಿಯೂಟಕ್ಕೆ ಕುಳಿತಾಗ ಬೀಳುತ್ತಾರೆ. ನೀರು ಕುಡಿಯಲು ಎದ್ದರೆ ಬೀಳುತ್ತಾರೆ. ಅಕ್ಕೋರು ಗದರಿಸಿದರೆ, "ನೀವ ಹೇಳಿದ್ರೆಲ್ರಿ ಅಕ್ಕೋರ, ದೊಡ್ಡವರಿಗೆ ನಮಸ್ಕಾರ ಮಾಡ್ರಿ ಅಂತ" ಎನ್ನುತ್ತಾರೆ. ಹೆಡ್ ಮಾಸ್ತರರ ಹತ್ತಿರ ಹೋದೆ. "ಕಾಲಿಗೆ ಬೀಳ್ತಾರ ಅಂತ ಯಾರರ ತಕರಾರು ಮಾಡ್ತಾರೇನ್ರಿ ತಂಗಿ? ಈ ಕಾಲದಾಗ ಇಂಥಾ ಹುಡುಗೂರು ಎಲ್ಲಿ ಸಿಗ್ತಾರ?" ಎಂದು ನಕ್ಕರು. ಮೈ ಉರಿಯಿತು. ಹೊಡೆದಿದ್ದರೆ ಬಾಸುಂಡೆ ತೋರಿಸಬಹುದಿತ್ತು. ಬೈದಿದ್ದರೆ ಆ ಬೈಗುಳವನ್ನೇ ಹೇಳಬಹುದಿತ್ತು. ಹೊರಗೆ ಬಂದಾಗ ಅಕ್ಕೋರು ನನ್ನ ಕೈ ಹಿಡಿದುಕೊಂಡು, "ನನಗ ತಿಳೀವಲ್ದ್ರಿ, ಇನ್ನ ಏನ್ ಕಲಿಸ್ಲಿ?" ಎಂದರು. ಆಕೆಯ ಕಣ್ಣಲ್ಲೂ ನೀರಿತ್ತು. ಯಾರ ಮೇಲೆ ಸಿಟ್ಟು ಮಾಡಲಿ ನಾನು?

ಮಗಳು ಈಗ ಬೆನ್ನು ಬಾಗಿಸಿ ನಡೆಯುತ್ತಾಳೆ. ಮೊನ್ನೆ ಸ್ಕರ್ಟು ಮೊಣಕಾಲಿನ ಮೇಲೆ ಹೋಗಿದ್ದು ಕಂಡು ಅಂಚು ಬಿಚ್ಚಲು ಕುಳಿತೆ. ಕೈಯಿಂದ ಕಸಿದುಕೊಂಡಳು. ಬುತ್ತಿ ಡಬ್ಬಿ ಹಾಗೆಯೇ ಮನೆಗೆ ಬರುತ್ತಿದೆ. ಬಿಸಿಯೂಟ ಉಂಡಿರುತ್ತಾಳೆ ಎಂದು ನಾನು ಸುಮ್ಮನಿದ್ದೆ. ಅಲ್ಲಿಯೂ ಉಣ್ಣುವುದಿಲ್ಲವೆಂದು ಅಕ್ಕೋರು ಫೋನ್ ಮಾಡಿದರು. ಹುಬ್ಬಳ್ಳಿಗೆ ತಪಾಸಣೆಗೆ ಹೋದಾಗ ತೂಕ ಇಳಿದಿದೆ ಎಂದು ಡಾಕ್ಟರು ನನ್ನನ್ನೇ ಗದರಿಸಿದರು.

ನಿನ್ನೆ ಸಂಜೆ ರೊಟ್ಟಿ ಮುರಿದು, ಕಾಳುಪಲ್ಯ ಹಚ್ಚಿ, ಚಿಕ್ಕವಳಿದ್ದಾಗಿನ ಹಾಗೆ ಅವಳ ಬಾಯಿಯ ಹತ್ತಿರ ಹಿಡಿದೆ. ಅವಳು ತುಟಿ ಬಿಗಿ ಹಿಡಿದಳು.

"ಯಾಕವ್ವಾ?"

"ಉಂಡ್ರ ಎತ್ರ ಆಗ್ತೇನಿ. ನೀನ ಹೇಳ್ತಿದ್ದಿ."

ತುತ್ತು ಕೈಯಲ್ಲೇ ಉಳಿಯಿತು. ಅವಳಿಗೆ ಉಣ್ಣಿಸಲು ನನಗೆ ಗೊತ್ತಿದ್ದ ಮಾತು ಅದೊಂದೇ.